ಪೋಸ್ಟರ್ ಇರಲಿ, ಮೊದಲು ಮೀಟರ್ ನೋಡಿ

ಪ್ರಶ್ನೆ: ನಾನು ಒಂದು ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿ. ನಮ್ಮಲ್ಲಿ ಪರಿಸರ ಸಮಿತಿ ಇದೆ, ಈ ವರ್ಷ ಅದರ ಸಂಚಾಲಕಿ ನಾನೇ. ಪ್ರತಿ ಜೂನ್ 5ಕ್ಕೆ ಗಿಡ ನೆಡುತ್ತೇವೆ, ಪ್ರತಿಜ್ಞೆ ತೆಗೆದುಕೊಳ್ಳುತ್ತೇವೆ, ‘ದೀಪ ಆರಿಸಿ’, ‘ನೀರು ಉಳಿಸಿ’ ಎಂದು ಪೋಸ್ಟರ್ ಅಂಟಿಸುತ್ತೇವೆ. ವಿದ್ಯಾರ್ಥಿಗಳಿಗೆ ಉತ್ಸಾಹ ಇದೆ. ಆದರೂ ಕರೆಂಟ್ ಬಿಲ್ ಇಳಿದಿಲ್ಲ, ಕಸ ಕಡಿಮೆಯಾಗಿಲ್ಲ. ಕ್ಯಾಂಪಸ್ ನಿಜವಾಗಿಯೂ ಬದಲಾಗಬೇಕಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೇಡಂ, ನಿಮ್ಮ ವಿದ್ಯಾರ್ಥಿಗಳಲ್ಲಿ ಏನೂ ಕೊರತೆಯಿಲ್ಲ. ಅವರ ಉತ್ಸಾಹವನ್ನು ಎಲ್ಲಿಗೆ ತಿರುಗಿಸಿದ್ದೀರಿ ಅನ್ನುವುದಷ್ಟೇ ಪ್ರಶ್ನೆ. ಪೋಸ್ಟರ್ ಮಾತಾಡುವುದು ದಾರಿಯಲ್ಲಿ ಹೋಗುವವರ ಜೊತೆ. ಆದರೆ ಕ್ಯಾಂಪಸ್ಸಿನ ಕರೆಂಟು, ನೀರು, ಕಸ ಎಷ್ಟಾಗಬೇಕು ಅನ್ನುವುದು ಬಹುಪಾಲು ಬೇರೆ ಕಡೆ ತೀರ್ಮಾನವಾಗಿರುತ್ತದೆ. ಪಂಪಿನ ಟೈಮರಿನಲ್ಲಿ, ಎಸಿಯ ಸೆಟ್ಟಿಂಗಿನಲ್ಲಿ, ಟೆಂಡರಿನ ಷರತ್ತಿನಲ್ಲಿ, ಪ್ರಿಂಟರಿನ ಮೆನುವಿನಲ್ಲಿ. ಅಲ್ಲಿಗೆ ನಿಮ್ಮ ಸಮಿತಿ ಇನ್ನೂ ತಲುಪಿಲ್ಲ.

ಸ್ವೀಡನ್ನಿನ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವನ್ನು ನಾನು ಎಲ್ಲ ಸಮಿತಿಗಳಿಗೂ ಹೇಳುತ್ತೇನೆ. ಎಗೆಬಾರ್ಕ್ ಮತ್ತು ಎಕ್‌ಸ್ಟ್ರೋಮ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಲ್ಲಿ ಕಾಗದ ಉಳಿಸಲು ಎರಡು ದಾರಿಗಳನ್ನು ಪರೀಕ್ಷಿಸಿದರು. ಒಂದು, ದಯವಿಟ್ಟು ಕಡಿಮೆ ಮುದ್ರಿಸಿ ಎಂಬ ಮನವಿ. ಇನ್ನೊಂದರಲ್ಲಿ ಯಾರಿಗೂ ಉಪದೇಶವಿಲ್ಲ, ಪ್ರಿಂಟರು ತಾನಾಗಿಯೇ ಹಾಳೆಯ ಎರಡೂ ಬದಿಗೆ ಮುದ್ರಿಸುವಂತೆ ಸೆಟ್ಟಿಂಗ್ ಬದಲಿಸಿದರು ಅಷ್ಟೆ. ಒಂದೇ ಬದಿ ಬೇಕಾದವರು ಬದಲಿಸಿಕೊಳ್ಳಬಹುದಿತ್ತು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಮನವಿಯಿಂದ ಏನೂ ಆಗಲಿಲ್ಲ. ಸೆಟ್ಟಿಂಗ್ ಬದಲಾದ ಮೇಲೆ ದಿನದ ಕಾಗದ ಬಳಕೆ ಶೇ. 15ರಷ್ಟು ಇಳಿಯಿತು. ಜನ ಕೆಟ್ಟವರಲ್ಲ, ಅವರಿಗೆ ಕೆಲಸದ ಮಧ್ಯೆ ಇದನ್ನೆಲ್ಲ ಯೋಚಿಸಲು ಪುರುಸೊತ್ತಿಲ್ಲ. ಅವರ ಪರವಾಗಿ ವ್ಯವಸ್ಥೆಯೇ ಯೋಚಿಸಿಟ್ಟರೆ ಅವರು ಖುಷಿಯಾಗಿ ಒಪ್ಪಿಕೊಳ್ಳುತ್ತಾರೆ.

ಹಾಗಾದರೆ ಯಾವ ವ್ಯವಸ್ಥೆ ಬದಲಿಸಬೇಕು? ಇದಕ್ಕೆ ಊಹೆ ಬೇಡ. ಎಸ್ಟೇಟ್ ವಿಭಾಗಕ್ಕೆ ಹೋಗಿ ಕಳೆದ 3 ವರ್ಷದ ಕರೆಂಟ್ ಬಿಲ್, ನೀರಿನ ಲೆಕ್ಕ, ಜನರೇಟರಿಗೆ ಹಾಕಿಸಿದ ಡೀಸೆಲ್, ಅಡುಗೆ ಗ್ಯಾಸ್, ಇವಿಷ್ಟರ ಪ್ರತಿ ಕೇಳಿ. ಹಣದ ಅಂಕಿ ನೋಡಬೇಡಿ, ಯೂನಿಟ್ಟು ಮತ್ತು ಲೀಟರು ನೋಡಿ. ದರ ಆಗಾಗ ಬದಲಾಗುತ್ತದೆ, ಬಳಕೆ ಇಳಿದರೂ ಬಿಲ್ ಏರಿರಬಹುದು. ತಿಂಗಳು ತಿಂಗಳಿಗೆ ಒಂದು ಗೆರೆ ಎಳೆದರೆ ಸಾಕು, ಕ್ಯಾಂಪಸ್ಸಿನ ಅರ್ಧ ಕಥೆ ಅಲ್ಲೇ ಇರುತ್ತದೆ. ರಜೆಯ ತಿಂಗಳಲ್ಲೂ ಗೆರೆ ಹೆಚ್ಚು ಇಳಿದಿಲ್ಲ ಅಂದರೆ ಏನರ್ಥ? ವಿದ್ಯಾರ್ಥಿಗಳು ಇಲ್ಲದಾಗಲೂ ಏನೋ ಉರಿಯುತ್ತಲೇ ಇದೆ.

ಆ ‘ಏನೋ’ ಯಾವುದು ಎಂದು ಹುಡುಕಲು ರಾತ್ರಿ ಮೀಟರ್ ಓದಬೇಕು. ರಾತ್ರಿ 10ಕ್ಕೆ ಒಮ್ಮೆ, ಬೆಳಗ್ಗೆ 6ಕ್ಕೆ ಒಮ್ಮೆ. ಕಟ್ಟಡಕ್ಕೊಂದು ಮೀಟರ್ ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ದೊಡ್ಡ ನಾಲ್ಕೈದು ಕಟ್ಟಡಗಳಿಗಾದರೂ ಹಾಕಿಸಿ. ಸಮಿತಿಯ ಮೊದಲ ಖರ್ಚು ಇದೇ ಆಗಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ತರಗತಿಯಲ್ಲಿ 75 ವ್ಯಾಟಿನ 4 ಫ್ಯಾನು, 40 ವ್ಯಾಟಿನ 6 ಟ್ಯೂಬ್‌ಲೈಟು. ಒಟ್ಟು 540 ವ್ಯಾಟು. ಊಟದ ಹೊತ್ತಲ್ಲಿ ಒಂದು ಗಂಟೆ ಸುಮ್ನೆ ಉರಿದರೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ. ಇಂಥ 100 ಕೋಣೆ ಇದ್ದರೆ ದಿನಕ್ಕೆ 54 ಯೂನಿಟ್. ‘ದೀಪ ಆರಿಸಿ’ ಪೋಸ್ಟರು ನೂರಕ್ಕೆ ನೂರು ಗೆದ್ದರೂ ಉಳಿಯುವುದು ಇಷ್ಟೇ. ಅದೇ ರಾತ್ರಿ ಹೊತ್ತಲ್ಲಿ ಕ್ಯಾಂಪಸ್ಸು 50 ಕಿಲೋವ್ಯಾಟ್ ಎಳೆಯುತ್ತಿದ್ದರೆ, ಎಂಟು ಗಂಟೆಗೆ 400 ಯೂನಿಟ್. ಭಾನುವಾರವೂ ಅಷ್ಟೇ, ರಜೆಯಲ್ಲೂ ಅಷ್ಟೇ. ಪೋಸ್ಟರನ್ನು ಓದುವವರು ಯಾರೂ ಆ ಹೊತ್ತಿನಲ್ಲಿ ಅಲ್ಲಿರುವುದಿಲ್ಲ.

ಆ 50 ಕಿಲೋವ್ಯಾಟಿನಲ್ಲಿ ಏನೇನಿರುತ್ತದೆ? ಯಾರೂ ಇಲ್ಲದ ಕಾರಿಡಾರಿನ ದೀಪ, ರಾತ್ರಿಯಿಡೀ ನೀರು ತಣ್ಣಗೆ ಮಾಡುವ ಕೂಲರು, ಬಿಸಿ ಮಾಡುವ ಗೀಸರು, ಸರ್ವರ್ ಕೋಣೆಯನ್ನು ಅಗತ್ಯಕ್ಕಿಂತ ಜಾಸ್ತಿ ತಂಪಾಗಿಡುವ ಎಸಿ, ಶೌಚಾಲಯದ ಎಕ್ಸಾಸ್ಟ್ ಫ್ಯಾನು. ಇವುಗಳಲ್ಲಿ ಹಲವಕ್ಕೆ ಟೈಮರ್ ಹಾಕಿದರೆ ಕೆಲಸ ಮುಗಿಯಿತು. ಎಸಿಗಳನ್ನು ತರಗತಿಯ ವೇಳಾಪಟ್ಟಿಗೆ ಹೊಂದಿಸಿ, ತಾಪಮಾನವನ್ನು ಒಂದೆರಡು ಡಿಗ್ರಿ ಏರಿಸಿಡಿ. ಒಂದೊಂದು ಡಿಗ್ರಿ ಏರಿಸಿದರೂ ಎಸಿಯ ಕರೆಂಟು ಸುಮಾರು ಶೇ. 6ರಷ್ಟು ಉಳಿಯುತ್ತದೆ ಎಂಬುದು ಚಾಲ್ತಿಯಲ್ಲಿರುವ ಅಂದಾಜು.

ವಿಜ್ಞಾನ ವಿಭಾಗದ ಪ್ರಯೋಗಾಲಯಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಪರಿಸರ ಸಮಿತಿಗಳು ಅಲ್ಲಿಗೆ ಕಾಲಿಡುವುದೇ ಇಲ್ಲ, ಆದರೆ ಕ್ಯಾಂಪಸ್ಸಿನ ಅತಿ ಹಸಿದ ಜಾಗ ಅದೇ. ರಾಸಾಯನಿಕಗಳ ಹೊಗೆ ಎಳೆಯುವ ಫ್ಯೂಮ್ ಹುಡ್ ಇರುತ್ತದಲ್ಲ, ಅದು ಹೊಗೆಯ ಜೊತೆಗೆ ಕೋಣೆಯ ತಂಪು ಗಾಳಿಯನ್ನೂ (ಚಳಿ ಪ್ರದೇಶದಲ್ಲಾದರೆ ಬೆಚ್ಚನೆ ಗಾಳಿಯನ್ನೂ) ಎಳೆದು ಹೊರಗೆ ಹಾಕುತ್ತದೆ. ಹೋದ ಗಾಳಿಯ ಜಾಗಕ್ಕೆ ಹೊಸ ಗಾಳಿಯನ್ನು ಮತ್ತೆ ತಂಪು ಮಾಡಿ ತುಂಬಬೇಕು. ಅಮೆರಿಕದಲ್ಲಿ ಮಾಡಿದ ಲೆಕ್ಕದ ಪ್ರಕಾರ ಒಂದು ಫ್ಯೂಮ್ ಹುಡ್ ವರ್ಷಕ್ಕೆ ಅಲ್ಲಿನ ಮೂರು ಮನೆಗಳಿಗೂ ಮೀರಿದಷ್ಟು ಶಕ್ತಿ ನುಂಗಬಹುದು. ಗಾಜಿನ ಬಾಗಿಲನ್ನು ಕೆಳಗೆ ಎಳೆದರೆ ಉಳಿತಾಯ. ಅದಕ್ಕೇ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಬಾಗಿಲು ಮುಚ್ಚಿಡುವ ಲ್ಯಾಬುಗಳ ನಡುವೆ ಸ್ಪರ್ಧೆಯನ್ನೇ ನಡೆಸಿದರು. ಒಂದು ವಿಷಯ ಮಾತ್ರ ಮೊದಲೇ ಎಂಜಿನಿಯರ್ ಹತ್ತಿರ ಕೇಳಿಕೊಳ್ಳಿ: ನಿಮ್ಮ ಹುಡ್ಡು ಬಾಗಿಲು ಮುಚ್ಚಿದಾಗ ಗಾಳಿಯನ್ನು ಕಡಿಮೆ ಮಾಡುವ ಬಗೆಯದೋ, ಯಾವಾಗಲೂ ಒಂದೇ ಪ್ರಮಾಣ ಎಳೆಯುವ ಬಗೆಯದೋ? ಎರಡನೆಯದಾದರೆ ಬಾಗಿಲು ಮುಚ್ಚುವುದು ಸುರಕ್ಷತೆಗೆ ಒಳ್ಳೆಯದು, ಆದರೆ ಕರೆಂಟು ಉಳಿಯುವುದು ಅಷ್ಟಕ್ಕಷ್ಟೇ. ಅಂಥ ಕಡೆ ಬಳಸದ ಹುಡ್ಡುಗಳನ್ನು ಪೂರ್ತಿ ನಿಲ್ಲಿಸುವುದು, ಹಳೆಯದನ್ನು ಬದಲಿಸುವುದು, ಇವೇ ದಾರಿ. ಇದನ್ನು ಲ್ಯಾಬಿನ ಸುರಕ್ಷತಾ ಅಧಿಕಾರಿಯ ಒಪ್ಪಿಗೆ ಇಲ್ಲದೆ ಮಾಡಬೇಡಿ.

ಇನ್ನು ಜೀವವಿಜ್ಞಾನದವರ ದೊಡ್ಡ ಫ್ರೀಜರುಗಳು. ಅವುಗಳನ್ನು ಮೈನಸ್ 80 ಡಿಗ್ರಿಯಲ್ಲಿ ಇಡುವುದು ರೂಢಿ. ಬಹಳಷ್ಟು ಮಾದರಿಗಳಿಗೆ ಮೈನಸ್ 70 ಸಾಕಾಗುತ್ತದೆ, ಹಲವು ವಿಶ್ವವಿದ್ಯಾಲಯಗಳು ಹಾಗೆ ಬದಲಿಸಿಕೊಂಡಿವೆ. ಆ 10 ಡಿಗ್ರಿಯಿಂದ ಫ್ರೀಜರಿನ ಕರೆಂಟು ಸುಮಾರು ಶೇ. 30ರವರೆಗೆ ಇಳಿಯಬಹುದು. ಒಳಗೆ ಕಟ್ಟಿದ ಮಂಜನ್ನು ತೆಗೆಯುವುದು, ಯಾರದೆಂದು ಗೊತ್ತಿಲ್ಲದ ಹಳೆಯ ಡಬ್ಬಿಗಳನ್ನು ಖಾಲಿ ಮಾಡುವುದು, ಅರ್ಧ ತುಂಬಿದ ಎರಡು ಫ್ರೀಜರನ್ನು ಒಂದಾಗಿಸುವುದು ಕೂಡ ಇದೇ ಕೆಲಸದ ಭಾಗ. ಆಯಾ ಲ್ಯಾಬಿನ ಮುಖ್ಯಸ್ಥರೇ ತೀರ್ಮಾನಿಸಲಿ. ಅವರ ವರ್ಷಗಳ ದುಡಿಮೆ ಅದರೊಳಗಿದೆ, ಅವರ ಭಯಕ್ಕೆ ಬೆಲೆ ಕೊಡಿ.

ಹಾಗಾದರೆ ವಿದ್ಯಾರ್ಥಿಗಳ ಪಾತ್ರ ಏನೂ ಇಲ್ಲವೇ? ಖಂಡಿತ ಇದೆ. ಆದರೆ ಅವರಿಗೆ ಉಪದೇಶಕ್ಕಿಂತ ಮಾಹಿತಿ ಬೇಕು. ಅಮೆರಿಕದ ಓಬರ್ಲಿನ್ ಕಾಲೇಜಿನಲ್ಲಿ 2005ರಲ್ಲಿ ಹಾಸ್ಟೆಲ್‌ಗಳ ನಡುವೆ ಎರಡು ವಾರದ ಸ್ಪರ್ಧೆ ನಡೆಯಿತು. ಯಾವ ಹಾಸ್ಟೆಲ್ ಎಷ್ಟು ಕರೆಂಟು ಬಳಸುತ್ತಿದೆ ಎಂಬುದನ್ನು ವಿದ್ಯಾರ್ಥಿಗಳು ನೋಡುವಂತೆ ಮಾಡಿದರು. ಒಟ್ಟು ಬಳಕೆ ಶೇ. 32ರಷ್ಟು ಇಳಿಯಿತು. ಆ ಕ್ಷಣದ ಬಳಕೆ ಕಾಣುತ್ತಿದ್ದ ಹಾಸ್ಟೆಲ್‌ಗಳಲ್ಲಿ ಶೇ. 55. ವಾರಕ್ಕೊಮ್ಮೆ ಮೀಟರ್ ಓದಿ ತಿಳಿಸಿದ ಕಡೆ ಶೇ. 31. ಎರಡು ವಾರದ ಹುರುಪು ವರ್ಷವಿಡೀ ಹಾಗೇ ಉಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಅಂಕಿ ಕಣ್ಣಿಗೆ ಬಿದ್ದರೆ ಕೈ ಸ್ವಿಚ್ಚಿನತ್ತ ಹೋಗುತ್ತದೆ ಅನ್ನುವುದಂತೂ ಸಾಬೀತಾಯಿತು. ನಿಮ್ಮ ಹಾಸ್ಟೆಲ್ ಬಾಗಿಲಲ್ಲಿ ‘ದೀಪ ಆರಿಸಿ’ ಬೋರ್ಡಿನ ಜಾಗದಲ್ಲಿ ನಿನ್ನೆಯ ಯೂನಿಟ್ ಬರೆದ ಒಂದು ಕಪ್ಪು ಹಲಗೆ ಇಡಿ. ಪಕ್ಕದ ಹಾಸ್ಟೆಲ್‌ನದ್ದೂ ಬರೆಯಿರಿ. ತಲಾ ಎಷ್ಟು ಎಂದು ಭಾಗಿಸಿ ಬರೆಯಿರಿ, ಇಲ್ಲದಿದ್ದರೆ ದೊಡ್ಡ ಹಾಸ್ಟೆಲ್‌ಗೆ ಅನ್ಯಾಯವಾಗುತ್ತದೆ.

ನೀರಿಗೂ ರಾತ್ರಿಯ ಪರೀಕ್ಷೆಯೇ. ಎಲ್ಲರೂ ಮಲಗಿದ ಮೇಲೆ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿಸಿ, ಮಟ್ಟ ಎಲ್ಲಿದೆ ಎಂದು ಗುರುತು ಹಾಕಿ. ಬೆಳಗಿನ ಜಾವ ಮತ್ತೆ ನೋಡಿ. ಯಾರೂ ಬಳಸದ ಹೊತ್ತಲ್ಲೂ ಮಟ್ಟ ಇಳಿದಿದ್ದರೆ ಅಷ್ಟೂ ಸೋರಿಕೆ. ನಲ್ಲಿಯಿಂದ ಸೆಕೆಂಡಿಗೆ ಒಂದು ಹನಿ ಬಿದ್ದರೆ ವರ್ಷಕ್ಕೆ ಸುಮಾರು 11,000 ಲೀಟರ್. ಅದು ಕಣ್ಣಿಗೆ ಕಾಣುವ ಸೋರಿಕೆ, ಯಾರಾದರೂ ದೂರು ಕೊಡುತ್ತಾರೆ. ನಿಜವಾದ ಕಳ್ಳ ಇರುವುದು ಶೌಚಾಲಯದ ಫ್ಲಶ್ ಟ್ಯಾಂಕಿನಲ್ಲಿ. ಒಳಗಿನ ರಬ್ಬರು ಸವೆದರೆ ಸದ್ದಿಲ್ಲದೆ ದಿನಕ್ಕೆ ನೂರಾರು ಲೀಟರ್ ಹೋಗುತ್ತದೆ. ಪತ್ತೆ ಸುಲಭ. ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ, ಫ್ಲಶ್ ಮಾಡದೆ ಹತ್ತು ಹದಿನೈದು ನಿಮಿಷ ಕಾಯಿರಿ. ಕೆಳಗಿನ ನೀರಿಗೆ ಬಣ್ಣ ಬಂದಿದ್ದರೆ ಸೋರುತ್ತಿದೆ. ಒಂದು ತರಗತಿಯ ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಇಡೀ ಕಟ್ಟಡವನ್ನು ಪರೀಕ್ಷಿಸಿ ಪಟ್ಟಿ ಕೊಡಬಹುದು. ನೀರು ಉಳಿದರೆ ಪಂಪಿನ ಕರೆಂಟೂ ಉಳಿಯುತ್ತದೆ.

ಕಸದ ವಿಷಯದಲ್ಲಿ ಎಲ್ಲರೂ ಬಣ್ಣಬಣ್ಣದ ಡಬ್ಬಿ ಕೊಳ್ಳುವುದರಿಂದ ಶುರು ಮಾಡುತ್ತಾರೆ. ಅದು ಕೊನೆಗೆ ಬರಬೇಕಾದ ಖರ್ಚು. ಮೊದಲು ಒಂದು ದಿನದ ಕಸವನ್ನು ಟಾರ್ಪಾಲಿನ ಮೇಲೆ ಸುರಿದು, ಕೈಗೆ ಗ್ಲೌಸ್ ಹಾಕಿಕೊಂಡು, ಬೇರೆ ಬೇರೆ ಮಾಡಿ ತೂಗಿ. ಯಾವುದು ಜಾಸ್ತಿ ಇದೆಯೋ ಅದು ಕ್ಯಾಂಪಸ್ಸಿಗೆ ಹೇಗೆ ಬಂತು ಎಂದು ಕೇಳಿ. ಉತ್ತರ ಬಹಳ ಸಲ ಖರೀದಿ ವಿಭಾಗದಲ್ಲೋ, ಕ್ಯಾಂಟೀನ್ ಗುತ್ತಿಗೆಯಲ್ಲೋ ಸಿಗುತ್ತದೆ. ಒಳಗೆ ಬರದ ವಸ್ತು ಕಸವಾಗುವುದಿಲ್ಲ, ಅಲ್ವಾ?

ಆದರೆ ‘ನಿಷೇಧ ಮಾಡಿಬಿಡೋಣ’ ಎಂದು ಹೊರಡುವ ಮುಂಚೆ ವರ್ಮಾಂಟ್ ವಿಶ್ವವಿದ್ಯಾಲಯದ ಕಥೆ ಕೇಳಿ. ಅಮೆರಿಕದ ಈ ವಿಶ್ವವಿದ್ಯಾಲಯ 2013ರ ಜನವರಿಯಿಂದ ಕ್ಯಾಂಪಸ್ಸಿನಲ್ಲಿ ಬಾಟಲಿ ನೀರಿನ ಮಾರಾಟ ನಿಲ್ಲಿಸಿತು. ಉದ್ದೇಶ ಒಳ್ಳೆಯದೇ. 2015ರಲ್ಲಿ ಪ್ರಕಟವಾದ ಅಧ್ಯಯನ ನೋಡಿದರೆ, ಕ್ಯಾಂಪಸ್ಸಿಗೆ ಬಂದ ತಲಾ ಬಾಟಲಿಗಳ ಸಂಖ್ಯೆ ಇಳಿದಿರಲಿಲ್ಲ, ಬದಲಿಗೆ ಏರಿತ್ತು. ನೀರಿನ ಬಾಟಲಿ ಸಿಗದವರು ಸಕ್ಕರೆ ಪಾನೀಯದ ಬಾಟಲಿ ಕೊಂಡಿದ್ದರು. ಇದರಿಂದ ನಿಷೇಧವೇ ತಪ್ಪು ಎಂದು ತಿಳಿಯಬೇಡಿ. ಒಂದನ್ನು ತೆಗೆದರೆ ಜನ ಯಾವುದರ ಕಡೆ ಹೋಗುತ್ತಾರೆ ಎಂದು ಮೊದಲೇ ನೋಡಿ, ಆಮೇಲೂ ಎಣಿಸುತ್ತಾ ಇರಿ. ಎಣಿಸಿದ್ದರಿಂದಲೇ ಅಲ್ಲಿ ನಿಜ ಗೊತ್ತಾಯಿತು.

ಬಿಸಾಡುವ ಕಪ್ಪುಗಳಿಗೂ ಇಂಥದೇ ಪಾಠವಿದೆ. ಬ್ರಿಟನ್ನಿನ ವಿಶ್ವವಿದ್ಯಾಲಯ ಮತ್ತು ಕಚೇರಿಗಳ ಕೆಫೆಗಳಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಸ್ವಂತ ಕಪ್ ತಂದವರಿಗೆ ರಿಯಾಯಿತಿ ಕೊಟ್ಟರೆ ಏನೂ ಬದಲಾಗಲಿಲ್ಲ. ಬಿಸಾಡುವ ಕಪ್ಪಿಗೆ ಬೇರೆಯಾಗಿ ದುಡ್ಡು ತೆಗೆದುಕೊಂಡಾಗ ಬದಲಾಯಿತು. ಮೊತ್ತ ಚಿಕ್ಕದಿದ್ದರೂ, ಕಳೆದುಕೊಳ್ಳುವುದು ನಮಗೆ ಹೆಚ್ಚು ನಾಟುತ್ತದೆ.

ಊಟದ ಹಾಲ್‌ನಲ್ಲಿ ಒಂದು ಸರಳ ಬದಲಾವಣೆ ಇದೆ. ಟ್ರೇ ತೆಗೆದುಬಿಡಿ. ವಾಷಿಂಗ್ಟನ್ನಿನ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಟ್ರೇ ಇದ್ದ ದಿನ, ಇಲ್ಲದ ದಿನ ಹೋಲಿಸಿ ನೋಡಿದರು. ಟ್ರೇ ಇಲ್ಲದಾಗ ಬಿಸಾಡಿದ ಆಹಾರ ಶೇ. 32ರಷ್ಟು, ತೊಳೆಯುವ ತಟ್ಟೆ ಲೋಟ ಶೇ. 27ರಷ್ಟು ಕಡಿಮೆ. ಕೈಯಲ್ಲಿ ಹಿಡಿಯುವಷ್ಟೇ ತೆಗೆದುಕೊಳ್ಳುತ್ತಾರೆ, ಬೇಕಾದರೆ ಮತ್ತೆ ಬರುತ್ತಾರೆ. ಓಡಾಡಲು ಕಷ್ಟವಿರುವವರಿಗೆ ಟ್ರೇ ಇಟ್ಟಿರಲೇಬೇಕು. ಮೆನುವಿನಲ್ಲೂ ಹೀಗೇ ಮಾಡಬಹುದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಾಲೇಜು ಕೆಫೆಟೇರಿಯಾಗಳಲ್ಲಿ ನಡೆದ ಅಧ್ಯಯನದಲ್ಲಿ (2019) ನಾಲ್ಕು ಬಗೆಗಳಲ್ಲಿ ಒಂದರ ಬದಲು ಎರಡು ಸಸ್ಯಾಹಾರಿ ಬಗೆ ಇಟ್ಟಾಗ ಅವುಗಳ ಮಾರಾಟ ಶೇ. 40ರಿಂದ 80ರಷ್ಟು ಹೆಚ್ಚಿತು. ಮಾಂಸ ಬೇಕಾದವರಿಗೆ ಮಾಂಸವೂ ಇತ್ತು. ಯಾರ ತಟ್ಟೆಗೂ ಯಾರೂ ಕೈ ಹಾಕಲಿಲ್ಲ.

ಓಡಾಟದ ಬಗ್ಗೆ ಒಂದೇ ಮಾತು. ಬಸ್ ಪಾಸ್ ಅಗ್ಗವಾಗಬೇಕು, ಪಾರ್ಕಿಂಗ್ ಪುಕ್ಕಟೆ ಆಗಿರಬಾರದು, ಎರಡೂ ಒಟ್ಟಿಗೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ 1991ರಲ್ಲಿ ಯು-ಪಾಸ್ ಎಂಬ ಬಸ್ ಪಾಸ್ ಶುರು ಮಾಡಿದಾಗ ಇದನ್ನೇ ಮಾಡಿತು. ಒಂದೇ ಮಾಡಿದರೆ ಅರ್ಧ ಫಲ.

ಗಿಡ ನೆಡುವುದನ್ನು ನಿಲ್ಲಿಸಿ ಅನ್ನುವುದಿಲ್ಲ. ನೆಟ್ಟ ಗಿಡಗಳಲ್ಲಿ ಮೂರನೇ ವರ್ಷಕ್ಕೆ ಎಷ್ಟು ಉಳಿದಿವೆ ಎಂದು ಎಣಿಸಿ, ಹೊಸದಾಗಿ ನೆಡುವ ಮುಂಚೆ ಇರುವ ದೊಡ್ಡ ಮರಗಳ ಬುಡಕ್ಕೆ ಹಾಕಿದ ಕಾಂಕ್ರೀಟನ್ನು ಒಡೆಸಿ. ಹುಲ್ಲುಹಾಸನ್ನೂ ಒಮ್ಮೆ ಅನುಮಾನದಿಂದ ನೋಡಿ. ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನ ಚಾಪೆಲ್ ಮುಂದಿನ ಹುಲ್ಲುಹಾಸು 1772ರದ್ದು. ಅದರ ಒಂದು ಭಾಗವನ್ನು ಇತ್ತೀಚೆಗೆ ಕಾಡು ಹೂಗಳ ಬಯಲಾಗಿ ಬಿಟ್ಟರು. ಕೆಲವೇ ವರ್ಷಗಳಲ್ಲಿ ಅಲ್ಲಿ ಗಿಡ, ಜೇಡ, ಕೀಟಗಳ ಬಗೆಗಳು ಪಕ್ಕದ ಕತ್ತರಿಸಿದ ಹುಲ್ಲಿಗಿಂತ ಮೂರು ಪಟ್ಟು ಜಾಸ್ತಿಯಾದವು. ಹುಲ್ಲು ಕತ್ತರಿಸುವ, ಗೊಬ್ಬರ ಹಾಕುವ ಕೆಲಸವೂ ಇಳಿಯಿತು. ಇನ್ನೂರ ಐವತ್ತು ವರ್ಷದ ಹುಲ್ಲುಹಾಸನ್ನೇ ಬದಲಿಸಬಹುದಾದರೆ ನಮ್ಮ ಆಡಳಿತ ಕಟ್ಟಡದ ಮುಂದಿನದ್ದು ಯಾವ ಲೆಕ್ಕ?

ಇಷ್ಟೆಲ್ಲ ಹೇಳಿ ಸೋಲಾರ್ ಬಗ್ಗೆ ಹೇಳಲಿಲ್ಲ ಎಂದು ನಿಮಗೆ ಅನ್ನಿಸಿರಬಹುದು. ಸೋಲಾರ್ ಬೇಕು, ಖಂಡಿತ ಬೇಕು. ಆದರೆ ರಾತ್ರಿಯ ಸೋರಿಕೆ ಮುಚ್ಚದೆ ಚಾವಣಿ ಮೇಲೆ ಫಲಕ ಜೋಡಿಸುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಮೊದಲು ಬಳಕೆ ಇಳಿಸಿದರೆ ಸಣ್ಣ ಸೋಲಾರ್ ಘಟಕವೇ ಸಾಲಬಹುದು. ದೊಡ್ಡ ಮಟ್ಟದಲ್ಲಿ ಯೋಚಿಸುವವರಿಗೆ ಸ್ಟ್ಯಾನ್‌ಫೋರ್ಡ್ ಉದಾಹರಣೆ ಇದೆ. ಅಲ್ಲಿ ಒಂದೇ ಹೊತ್ತಿಗೆ ಕೆಲವು ಕಟ್ಟಡಗಳನ್ನು ತಂಪು ಮಾಡುತ್ತಿದ್ದರು, ಕೆಲವನ್ನು ಬಿಸಿ ಮಾಡುತ್ತಿದ್ದರು. ತಂಪು ಮಾಡುವಾಗ ಹೊರಗೆ ಹೋಗುತ್ತಿದ್ದ ಬಿಸಿಯನ್ನೇ ಹಿಡಿದು ಇನ್ನೊಂದು ಕಡೆಗೆ ಬಳಸುವ ವ್ಯವಸ್ಥೆಯನ್ನು 2015ರಲ್ಲಿ ಶುರು ಮಾಡಿದರು. ಗ್ಯಾಸ್ ಸುಟ್ಟು ನಡೆಯುತ್ತಿದ್ದ ಹಳೆಯ ಸ್ಥಾವರ ನಿಂತಿತು. ಬಿಸಾಡುತ್ತಿರುವುದು ಏನು ಎಂದು ಕೇಳಿದ್ದರಿಂದ ಹುಟ್ಟಿದ ಕೆಲಸ ಅದು.

ದುಡ್ಡು ಎಲ್ಲಿಂದ? ಕುಲಸಚಿವರು ಕೇಳುವ ಮೊದಲ ಪ್ರಶ್ನೆ ಇದು, ನ್ಯಾಯವಾದದ್ದೇ. ಇದಕ್ಕೆ ಹಲವು ವಿಶ್ವವಿದ್ಯಾಲಯಗಳು ಕಂಡುಕೊಂಡ ಉತ್ತರ ಸುತ್ತುನಿಧಿ. ಒಂದಿಷ್ಟು ಹಣವನ್ನು ಬೇರೆ ಇಡುತ್ತಾರೆ. ಒಂದು ವಿಭಾಗ ಅದರಿಂದ ಸಾಲ ಪಡೆದು ಎಲ್‌ಇಡಿ ದೀಪವನ್ನೋ, ಕಡಿಮೆ ಕರೆಂಟಿನ ಫ್ಯಾನನ್ನೋ ಹಾಕಿಸುತ್ತದೆ. ಬಿಲ್ಲಿನಲ್ಲಿ ಉಳಿದ ಹಣದಿಂದಲೇ ಸಾಲ ತೀರುತ್ತದೆ, ಆ ಹಣ ಮುಂದಿನ ಕೆಲಸಕ್ಕೆ ಹೋಗುತ್ತದೆ. ಹಾರ್ವರ್ಡಿನ ಇಂಥ ನಿಧಿ 1.2 ಕೋಟಿ ಡಾಲರಿಗೆ ಬೆಳೆದಿತ್ತು. ನೀವು ಬಹಳ ಚಿಕ್ಕದರಿಂದ ಶುರು ಮಾಡಬಹುದು. ಒಂದು ಷರತ್ತು ಮಾತ್ರ ಆದೇಶದಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ: ಉಳಿತಾಯದ ಹಣ ಸಾಮಾನ್ಯ ಖಾತೆಗೆ ಸೇರಬಾರದು, ನಿಧಿಗೇ ಬರಬೇಕು. ಇದನ್ನು ಬರೆಸದಿದ್ದರೆ ಮೊದಲ ಸುತ್ತಿನಲ್ಲೇ ನಿಧಿ ಖಾಲಿ.

ಆಡಳಿತವನ್ನು ಒಪ್ಪಿಸಲು 1990ರ ತಾಲ್ವಾರ್ ಘೋಷಣೆಯನ್ನು ತೋರಿಸಬಹುದು. ಫ್ರಾನ್ಸಿನ ತಾಲ್ವಾರ್‌ನಲ್ಲಿ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಸೇರಿ ಪರಿಸರದ ಹೊಣೆ ನಮ್ಮದೂ ಹೌದು ಎಂದು ಬರೆದ 10 ಅಂಶಗಳ ಪತ್ರ ಅದು, ಜಗತ್ತಿನ ನೂರಾರು ಸಂಸ್ಥೆಗಳು ಸಹಿ ಹಾಕಿವೆ. ಕ್ಯಾಂಪಸ್ಸುಗಳ ಪರಿಸರ ಕೆಲಸವನ್ನು ಅಳೆಯುವ ಪಟ್ಟಿಗಳೂ ಇವೆ. ಇಂಡೋನೇಷ್ಯಾ ವಿಶ್ವವಿದ್ಯಾಲಯ 2010ರಲ್ಲಿ ಶುರು ಮಾಡಿದ ಗ್ರೀನ್‌ಮೆಟ್ರಿಕ್ ಶ್ರೇಯಾಂಕ, ಅಮೆರಿಕದಲ್ಲಿ ಹುಟ್ಟಿದ ಸ್ಟಾರ್ಸ್ ಮೌಲ್ಯಮಾಪನ, ಇವುಗಳ ಪ್ರಶ್ನಾವಳಿ ಏನೇನು ಅಳೆಯಬೇಕು ಎಂದು ತಿಳಿಯಲು ಬಹಳ ಉಪಯುಕ್ತ. ಆದರೆ ಶ್ರೇಯಾಂಕಕ್ಕಾಗಿ ಫಾರಂ ತುಂಬುವುದೇ ಸಮಿತಿಯ ಕೆಲಸವಾಗದಂತೆ ದಯವಿಟ್ಟು ನೋಡಿಕೊಳ್ಳಿ.

ನಿಮ್ಮ ಸಮಿತಿಯಲ್ಲಿ ಯಾರ್ಯಾರು ಇದ್ದಾರೆ ಎಂದು ನೀವು ಬರೆದಿಲ್ಲ. ಅಧ್ಯಾಪಕರು, ವಿದ್ಯಾರ್ಥಿ ಪ್ರತಿನಿಧಿಗಳು ಇರುತ್ತಾರೆ ಎಂದುಕೊಳ್ಳುತ್ತೇನೆ. ಎಲೆಕ್ಟ್ರಿಷಿಯನ್, ಪ್ಲಂಬರ್, ಪಂಪ್ ಆಪರೇಟರ್, ಕಸ ಎತ್ತುವ ಸಿಬ್ಬಂದಿ, ಮೆಸ್ಸಿನ ಮುಖ್ಯ ಅಡುಗೆಯವರು, ಇವರಿಗೂ ಕುರ್ಚಿ ಹಾಕಿ. ಯಾವ ಕಟ್ಟಡದ ಪೈಪು ಎಲ್ಲಿ ಸೋರುತ್ತದೆ, ಯಾವ ಪಂಪನ್ನು ಯಾರೂ ಕೇಳದೆ ರಾತ್ರಿಯಿಡೀ ಓಡಿಸುತ್ತಿದ್ದಾರೆ, ಯಾವ ದಿನ ಅನ್ನ ಹೆಚ್ಚು ಉಳಿಯುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ಇಷ್ಟು ವರ್ಷ ಅವರನ್ನು ಯಾರೂ ಕೇಳಿರುವುದಿಲ್ಲ. ಸಭೆಯನ್ನು ಅವರ ಪಾಳಿಗೆ ಹೊಂದುವ ಹೊತ್ತಿಗೆ ಕರೆಯಿರಿ, ಅವರು ಹೇಳಿದ್ದು ಕಾರ್ಯರೂಪಕ್ಕೆ ಬಂದಾಗ ಅವರ ಹೆಸರನ್ನೂ ವರದಿಯಲ್ಲಿ ಸೇರಿಸಿ. ಈ ಉತ್ತರದಲ್ಲಿ ನೀವು ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

ಕೊನೆಗೆ ಒಂದು ಪ್ರಾಯೋಗಿಕ ಕಷ್ಟ. ವಿದ್ಯಾರ್ಥಿಗಳು ಎರಡು ಮೂರು ವರ್ಷಕ್ಕೆ ಹೊರಟುಹೋಗುತ್ತಾರೆ, ಸಂಚಾಲಕರೂ ಬದಲಾಗುತ್ತಾರೆ, ಪ್ರತಿ ಹೊಸ ಸಮಿತಿಯೂ ಮತ್ತೆ ಪೋಸ್ಟರಿನಿಂದ ಶುರು ಮಾಡುತ್ತದೆ. ಇದನ್ನು ತಪ್ಪಿಸಲು ಅಳತೆಯ ಕೆಲಸವನ್ನು ಪಾಠದೊಳಗೆ ತನ್ನಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ಇಡೀ ಕ್ಯಾಂಪಸ್ಸನ್ನೇ ಪ್ರಯೋಗಶಾಲೆ ಎಂದು ಕರೆದು ಈ ದಾರಿಯಲ್ಲಿ ನಡೆದಿದೆ. ನಿಮ್ಮಲ್ಲಿ ಸಂಖ್ಯಾಶಾಸ್ತ್ರದವರು ಮೀಟರ್ ಅಂಕಿಗಳನ್ನು ವಿಶ್ಲೇಷಿಸಲಿ, ಎಂಜಿನಿಯರಿಂಗ್‌ನವರು ಪಂಪುಗಳ ಕಾರ್ಯಕ್ಷಮತೆ ಪರೀಕ್ಷಿಸಲಿ, ಸಸ್ಯಶಾಸ್ತ್ರದವರು ಮರಗಳ ಪಟ್ಟಿ ಮಾಡಲಿ, ವಾಣಿಜ್ಯದವರು ಸುತ್ತುನಿಧಿಯ ಲೆಕ್ಕ ನೋಡಲಿ. ಅಂಕಕ್ಕೆ ಸೇರುವ ಪ್ರಾಜೆಕ್ಟ್ ಆದರೆ ಯಾರು ಬಂದರೂ ಹೋದರೂ ಕೆಲಸ ನಿಲ್ಲುವುದಿಲ್ಲ. ಎಲ್ಲದಕ್ಕೂ ಒಂದೇ ರಿಜಿಸ್ಟರ್ ಇರಲಿ, ಅದು ಸಂಚಾಲಕರ ಮೇಜಿನಲ್ಲಿ ಅಲ್ಲ, ಗ್ರಂಥಾಲಯದಲ್ಲಿ ಇರಲಿ. ಮೊದಲ ಪುಟಕ್ಕೆ ಈ ತಿಂಗಳ ರಾತ್ರಿ ಮೀಟರ್ ಅಂಕಿಗಳನ್ನು ಬರೆಯಿರಿ. ಒಂದು ತಿಂಗಳ ಅಂಕಿ ಸಿಕ್ಕ ಮೇಲೆ ನನಗೂ ಕಳಿಸಿ, ಮೊದಲು ಯಾವ ಕಟ್ಟಡಕ್ಕೆ ಕೈ ಹಾಕಬೇಕು ಎಂದು ಕೂತು ನೋಡೋಣ.